ಬಿಳಿ ಹಿಟ್ಟೂ ಬೆಟ್ಟದ ಪ್ರಸಾದವೂ

ಮನುಷ್ಯನಾದವನು ಒಮ್ಮೆಯಾದರೂ ತನ್ನ ಒಳಗನ್ನು ತಾನು ನೋಡಿಕೊಳ್ಳಬೇಕೆಂದು ಹಿರಿಯರು ಹೇಳುತ್ತಾರೆ. ಅದಕ್ಕೆ ಉಡುದಾರ ಬಿಚ್ಚಬೇಕಾಗುತ್ತದೆಂದು ಮಾತ್ರ ಯಾರೂ ಹೇಳಿರಲಿಲ್ಲ.

ನಾನು ಬಂಡೀಪುರದಲ್ಲಿ ಅರಣ್ಯ ಕಚೇರಿಯ ಗುಮಾಸ್ತ. ಕಾಡಿನಲ್ಲಿ ಕಟ್ಟಿದ ಕ್ಯಾಮೆರಾಗಳಿಗೆ ಸಿಕ್ಕಿದ ಹುಲಿ, ಆನೆ, ಹಂದಿಗಳ ಫೋಟೋ ವಿಂಗಡಿಸುವುದು ನನ್ನ ಕಾಯಕ. ಪರರ ಫೋಟೋ ನೋಡಿಕೊಂಡಿದ್ದವನಿಗೆ ಸ್ವಂತ ಜಠರದ ಫೋಟೋ ತೆಗೆಸುವ ಯೋಗ ಬಂದದ್ದು, ಉಂಡಾಗಲೆಲ್ಲ ಎದೆಯವರೆಗೆ ಏರುತ್ತಿದ್ದ ಉರಿಯಿಂದ. ಗುಂಡ್ಲುಪೇಟೆಯ ಡಾಕ್ಟರು ಚಾಮರಾಜನಗರದ ಆಸ್ಪತ್ರೆಗೆ ಚೀಟಿ ಕೊಟ್ಟು, "ರಾತ್ರಿ ಊಟ ಆದ್ಮೇಲೆ ಏನೂ ತಗೋಬೇಡಿ, ನೀರೂ ಬೇಡ" ಎಂದರು. ನನ್ನ ಹೆಂಡತಿ ಅಲ್ಲಿಯೇ ತನ್ನ ತೀರ್ಪನ್ನೂ ಸೇರಿಸಿದಳು: "ಹುಣ್ಣು ಅಂತ ಬಂದ್ರೆ ಉಪ್ಸಾರು ಖಾರ ಅವತ್ಗೇ ಮುಗೀತು. ಮಜ್ಜಿಗೆ ಅನ್ನ ಉಂಡ್ಕೊಂಡು ಬಿದ್ದಿರಿ." ಮುದ್ದೆಯ ಪಕ್ಕದಲ್ಲಿ ಆ ಖಾರವಿಲ್ಲದ ಬದುಕನ್ನು ಬದುಕೆಂದು ಒಪ್ಪುವವನು ನಾನಲ್ಲ.

ಬೆಳಿಗ್ಗೆ ನಾನು ಬಾಯಿ ಮುಕ್ಕಳಿಸಿದ ನೀರನ್ನು ಪೂರ್ತಿ ಉಗಿದೆನೋ ಇಲ್ಲವೋ ಎಂದು ನೋಡಿಯೇ ಅವಳು ಬಸ್ಸು ಹತ್ತಿಸಿ, ತಾನೂ ಪಕ್ಕದಲ್ಲಿ ಕೂತದ್ದು. ತೆರಕಣಾಂಬಿಯಲ್ಲಿ ನನ್ನ ತಂಗಿ ಕಾದು ನಿಂತಿದ್ದಳು. ಅಣ್ಣನ ಹೊಟ್ಟೆಗಾಗಿ ಹಿಂದಿನ ದಿನ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿ ಬಂದಿದ್ದವಳು, ಕಿಟಕಿಯೊಳಗೆ ಪುಳಿಯೋಗರೆಯ ಪೊಟ್ಟಣ ತೂರಿಸಿದಳು.

"ಏನೂ ತಿನ್ನಂಗಿಲ್ಲ ಕಣವ್ವ" ಎಂದೆ.

"ಅಯ್ಯೋ, ತಿನ್ನು ಅಂದೋರ್ಯಾರು? ಪ್ರಸಾದ ಕಣಣ್ಣ ಇದು!"

ನಾನು ಹೆಂಡತಿಯ ಮುಖ ನೋಡಿದೆ. ಮುಕ್ಕಳಿಸಿದ ನೀರಿಗೂ ಕಾವಲು ನಿಂತಿದ್ದ ಆ ಕಾವಲುಗಾತಿಯೂ ಕೈಮುಗಿದು, "ದೇವ್ರುದ ಬ್ಯಾಡ ಅನ್ಬಾರ್ದು, ಬಾಯ್ಗಾಕೊಂಬುಡಿ" ಎಂದಳು. ಹಾಕಿಕೊಂಡೆ. ಅಂಗೈಗೆ ಅಂಟಿದ್ದನ್ನೂ ಬಿಡಲಿಲ್ಲ. ನೀರು ಮಾತ್ರ ಕುಡಿಯಲಿಲ್ಲ. ಡಾಕ್ಟರ ಮಾತೆಂದರೆ ಮಾತು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಯ ಹೆಣ್ಣುಮಗಳು "ಏನಾದ್ರೂ ತಿಂದಿದ್ದೀರಾ ಸಾರ್?" ಎಂದಾಗ ಪೂರ್ಣ ಪ್ರಾಮಾಣಿಕತೆಯಿಂದ ಇಲ್ಲವೆಂದೆ. ಬೆಳ್ಳಿಯ ಉಡುದಾರ, ತಾಯಿತ ಬಿಚ್ಚಿಸಿ, ಹಿಂದೆ ಕಟ್ಟುವ ಅಂಗಿಯೊಂದನ್ನು ತೊಡಿಸಿ, ಎಕ್ಸ್‌ರೇಯಲ್ಲಿ ಜಠರ ಕಾಣಲೆಂದು ಕುಡಿಸುವ ಬೇರಿಯಂ ಎಂಬ ಬಿಳಿ ಹಿಟ್ಟನ್ನು ಲೋಟದಲ್ಲಿ ಕದಡಿ ಕೊಟ್ಟರು. ಸುಣ್ಣ ಬಳಿದು ಮಿಕ್ಕಿದ್ದಕ್ಕೆ ಸಕ್ಕರೆ ಬೆರೆಸಿದರೆ ಹೇಗೋ ಹಾಗಿತ್ತು. ಆಮೇಲೆ ಮೇಜು ನನ್ನನ್ನು ಹೊತ್ತುಕೊಂಡೇ ವಾಲಿತು. ಎಡಕ್ಕೆ ಹೊರಳಿ, ಬಲಕ್ಕೆ ಹೊರಳಿ, ಉಸಿರು ಹಿಡೀರಿ, ಬಿಡಿ. ನೋವೇನೂ ಇಲ್ಲ. ಆದರೆ ನಮ್ಮ ಹುಲಿಗಳಿಗೆ ನಾವು ಇಷ್ಟು ತೊಂದರೆ ಕೊಟ್ಟಿಲ್ಲ.

ಪರದೆ ನೋಡುತ್ತಿದ್ದ ಅಲ್ಲಿನ ಡಾಕ್ಟರು, "ಅಲ್ಲಲ್ಲಿ ಗಂಟು ಗಂಟಾಗಿ ಕಾಣ್ತಿದೆಯಲ್ಲ" ಎಂದರು. ನಾನು ಮೊದಲು ಖಾರಕ್ಕೆ, ಆಮೇಲೆ ಹೆಂಡತಿಗೆ ಮನಸ್ಸಿನಲ್ಲೇ ವಿದಾಯ ಹೇಳಿದೆ. ಇನ್ನೊಮ್ಮೆ ಹೊರಳಿಸಿದರು. ಗಂಟುಗಳೂ ಹೊರಳಿದವು.

"ಹೊಟ್ಟೆ ಗಂಟು ಹಿಂಗೆ ಓಡಾಡಲ್ಲ ಕಣ್ರೀ. ನಿಜ ಹೇಳಿ, ಏನ್ ತಿಂದ್ರಿ?"

"ಏನೂ ಇಲ್ಲ ಸಾರ್. ಪ್ರಸಾದ ಅಷ್ಟೇ."

"ಗೋಪಾಲಸ್ವಾಮಿದಾ ಸಾರ್?" ಎಂದು ಆ ಹೆಣ್ಣುಮಗಳು ಭಕ್ತಿಯಿಂದ ಕೇಳಿ, ಡಾಕ್ಟರ ಕಡೆ ತಿರುಗಿ, "ಅದ ಎಂಗೆ ಬ್ಯಾಡ ಅಂದಾರು, ಪಾಪ" ಎಂದಳು.

ಡಾಕ್ಟರು ದೀಪ ಹಾಕಿದರು. "ಪ್ರಸಾದ ಅಂತ ನಿಮಗೆ ಗೊತ್ತು, ನನಗೂ ಗೊತ್ತು. ಬೇರಿಯಂಗೆ ಗೊತ್ತಾಗಲ್ಲ. ಮುಂದಿನ ವಾರ ಬನ್ನಿ. ಇವತ್ತು ಚೆನ್ನಾಗಿ ನೀರು ಕುಡೀರಿ. ಒಂದೆರಡು ದಿನ ಕಕ್ಕಸು ಬೆಳ್ಳಗೆ ಹೋಗುತ್ತೆ, ಹೆದರ್ಕೋಬೇಡಿ."

ಮುಂದಿನ ವಾರ ಬಸ್ಸು ತೆರಕಣಾಂಬಿಯಲ್ಲಿ ನಿಂತಷ್ಟು ಹೊತ್ತೂ ನಾನು ಸೀಟಿನ ಕೆಳಗೆ ಬಗ್ಗಿ ಚಪ್ಪಲಿ ಹುಡುಕಿದೆ. ಕಾಲಲ್ಲೇ ಇತ್ತು. ಹುಣ್ಣು ಇಲ್ಲವೆಂದು ರಿಪೋರ್ಟು ಬಂತು. "ಇದ್ದದ್ದು ಪ್ರಸಾದಕ್ಕೆ ಕರಗೋಯ್ತು ಕಣಣ್ಣ" ಎಂದು ತಂಗಿ ಫೋನಿನಲ್ಲಿ ತಿಳಿಸಿದಳು. ರಾತ್ರಿ ಮುದ್ದೆಗೆ ಉಪ್ಸಾರು, ಖಾರ ಇತ್ತು. ಬೆಳಿಗ್ಗೆ ಬೆಳ್ಳಗೆ ಹೋಯಿತು.