ಫ್ರಿಜ್ಜಿನ ಮುಂದಿನ ಮಣೆ

ನನಗೆ ಕರೆಂಟಿನ ಬಗ್ಗೆ ಭಯವಿಲ್ಲ. ಇರುವುದು ಗೌರವ. ವೇಣೂರಿನ ನಮ್ಮ ಮನೆಗೆ ತಂದೆಯವರು ವಯರಿಂಗ್ ಮಾಡಿಸಿದ ಕಾಲದಲ್ಲಿ ಇಡೀ ಮನೆಗೆ ಇದ್ದದ್ದು ನಾಲ್ಕು ಬಲ್ಬು ಮತ್ತು ಒಂದು ರೇಡಿಯೊ. ಅದೇ ವಯರಿನ ಮೇಲೆ ನಾನು ಫ್ಯಾನು, ಟಿವಿ, ಪಂಪು, ಮಿಕ್ಸಿ, ಫ್ರಿಜ್ಜು ಎಲ್ಲವನ್ನೂ ಹೇರಿದೆ. ಪಾಪ, ಅದು ಹೊತ್ತುಕೊಂಡಿತು. ಕೆಲವು ನಿಯಮಗಳನ್ನು ಮಾತ್ರ ವಿಧಿಸಿತು. ಪಂಪು ಓಡುವಾಗ ಮಿಕ್ಸಿ ಹಾಕಬಾರದು. ಮಿಕ್ಸಿ ಹಾಕಿದಾಗ ಟಿವಿ ನೋಡಬಾರದು. ಬಚ್ಚಲಿನ ದೀಪ ಉರಿಯುವಾಗ ದೇವರ ಕೋಣೆಯ ಸ್ವಿಚ್ಚಿನ ಸುದ್ದಿಗೆ ಹೋಗಬಾರದು. ಮನೆಯವರಿಗೆಲ್ಲ ಇದು ಬಾಯಿಪಾಠವಾಗಿತ್ತು.

ಇನ್ನು ಫ್ರಿಜ್ಜಿನ ವಿಷಯ. ಬರಿಗಾಲಲ್ಲಿ ನಿಂತು ಅದರ ಹಿಡಿ ಮುಟ್ಟಿದರೆ ಮೊಣಕೈವರೆಗೆ ಜುಂ ಎನ್ನುತ್ತಿತ್ತು. ರಬ್ಬರ್ ಚಪ್ಪಲಿ ಮೆಟ್ಟಿಕೊಂಡರೆ ಏನೂ ಆಗದು. ಆದರೆ ನಮ್ಮದು ಜೈನರ ಮನೆ. ಅಡುಗೆಮನೆಗೆ ಚಪ್ಪಲಿ ಬಂದರೆ ನನ್ನ ಹೆಂಡತಿ ಸುಮತಿ ಕೊಡುವ ಶಾಕ್ ಫ್ರಿಜ್ಜಿನದಕ್ಕಿಂತ ದೊಡ್ಡದು. ಆದ್ದರಿಂದ ಊಟಕ್ಕೆ ಕೂರುವ ಹಲಸಿನ ಮಣೆಯೊಂದನ್ನು ತಂದು ಫ್ರಿಜ್ಜಿನ ಮುಂದಿಟ್ಟೆ. ಮಣೆ ಹತ್ತುವುದು, ಬಾಗಿಲು ತೆರೆಯುವುದು, ಹಾಲು ತೆಗೆಯುವುದು, ಇಳಿಯುವುದು. ಖರ್ಚಿಲ್ಲದ ಈ ಪರಿಹಾರ ಕಂಡುಹಿಡಿದ ನನ್ನ ಬುದ್ಧಿಗೆ ನಾನೇ ತಲೆದೂಗಿದ್ದೆ.

ಹೀಗಿರುವಾಗ ಮಗಳು ಚೈತ್ರಾಳಿಗೆ ಮೂಡುಬಿದಿರೆಯಿಂದ ಒಂದು ಸಂಬಂಧ ಬಂತು. ಹುಡುಗ, ಹುಡುಗಿ ಇಬ್ಬರೂ ಒಂದೇ ಶಾಲೆಯಲ್ಲಿ ಪಾಠ ಮಾಡುವವರು. ಅಂದರೆ ಸಂಬಂಧ ಬಂದದ್ದಲ್ಲ, ತರಿಸಿದ್ದು ಎಂಬುದು ನನಗೂ ಗೊತ್ತಿತ್ತು. ಮುಂದಿನ ಭಾನುವಾರ ಹುಡುಗನ ತಂದೆತಾಯಿ ಮನೆ ನೋಡಲು ಬರುವುದು, ಹೊತ್ತು ಮುಳುಗುವ ಮೊದಲು ನಮ್ಮಲ್ಲೇ ಊಟ ಮುಗಿಸಿ ಹೊರಡುವುದು ಎಂದು ನಿಶ್ಚಯವಾಯಿತು. ಕತ್ತಲಾದ ಮೇಲೆ ಅವರೂ ಉಣ್ಣುವುದಿಲ್ಲ, ನಾವೂ ಉಣ್ಣುವುದಿಲ್ಲ.

"ಅಪ್ಪ, ಈ ಸಂಬಂಧ ನನಗೆ ಬೇಕು," ಎಂದಳು ಚೈತ್ರಾ. "ಅವರ ಅಮ್ಮ ಸ್ವಲ್ಪ ಸ್ಟ್ರಿಕ್ಟ್. ಬೇರೆ ಎಂತದೂ ಬೇಡ, ಆ ಫ್ರಿಜ್ಜಿನದ್ದೊಂದು ಸರಿ ಮಾಡಿಸಿ."

ಗುರುವಾಯನಕೆರೆಯಿಂದ ಇಲೆಕ್ಟ್ರಿಷಿಯನ್ ಲೋಕೇಶ ಬಂದ. ಮನೆಯನ್ನೊಂದು ಸುತ್ತು ಹಾಕಿ, ವಯರಿಂಗ್ ಪೂರ್ತಿ ಕಿತ್ತು ಹೊಸತು ಮಾಡಬೇಕು, ಅರ್ತಿಂಗ್ ಕೊಡಬೇಕು ಎಂದ. ಎಷ್ಟಾಗಬಹುದು ಎಂದು ಕೇಳಿದೆ. ಅವನು ಹೇಳಿದ ಮೊತ್ತ ಕೇಳಿ ಅದೇ ಮಣೆಯ ಮೇಲೆ ಕುಳಿತುಬಿಟ್ಟೆ.

ಕುಳಿತಲ್ಲೇ ನನಗೊಂದು ಉಪಾಯ ಹೊಳೆಯಿತು. ಬಂದವರು ಕೂರುವುದು ಚಾವಡಿಯಲ್ಲಿ. ಹಾಗಾದರೆ ಕೆಲಸ ಆಗಬೇಕಾದದ್ದೂ ಚಾವಡಿಯಲ್ಲೇ ತಾನೆ? ಹಳೆಯ ಕಪ್ಪು ಸ್ವಿಚ್ಚುಗಳು ಹೋಗಿ ಬಿಳಿ ಬೋರ್ಡು ಬಂತು. ಬೆಳ್ತಂಗಡಿಯಿಂದ ಒಂದು ಗೊಂಚಲು ದೀಪ ತಂದೆ. ಬೋರ್ಡಿನ ಹಿಂದಿನ ವಯರು ಮಾತ್ರ ತಂದೆಯವರದ್ದೇ.

"ಮೇಲೆ ಥಳಕು, ಒಳಗೆ ಹುಳುಕು," ಎಂದಳು ಸುಮತಿ. "ಹೊತ್ತು ಮುಳುಗುವ ಮೊದಲು ಉಂಡು ಹೋಗುವವರಿಗೆ ಗೊಂಚಲು ದೀಪ ಎಂತಕ್ಕೆ ಮಾರಾಯ್ರೆ?"

ಆದರೆ ದೀಪ ಆಗಲೇ ಮೇಲೆ ತೂಗಾಡುತ್ತಿತ್ತು.

ಭಾನುವಾರ ಮಧ್ಯಾಹ್ನ ಅವರು ಬಂದರು. ಹುಡುಗನ ತಾಯಿ ಪದ್ಮಾವತಿಯಮ್ಮ ಅಂಗಳದಲ್ಲಿ ಕಾಲು ತೊಳೆದು, ತಾವೇ ಮಾಡಿ ತಂದ ಹೆಸರುಬೇಳೆ ಪಾಯಸದ ಪಾತ್ರೆ ಹಿಡಿದು ಒಳಗೆ ಬಂದರು. ಹಿಂದೆ ಗಂಡ, ಅವರ ಹಿಂದೆ ಹುಡುಗ. ಎಲ್ಲರೂ ಕೂರುತ್ತಲೇ, ಸುಡು ಬಿಸಿಲಿನಲ್ಲಿ, ನಾನು ಗೊಂಚಲು ದೀಪ ಉರಿಸಿದೆ.

ಹುಡುಗನ ತಂದೆ ತಲೆ ಎತ್ತಿ ನೋಡಿದರು. "ಹಗಲು ಕೂಡ ಬೇಕಾಗ್ತದಾ?"

"ಅಭ್ಯಾಸ," ಎಂದೆ.

ಅದೇ ಹೊತ್ತಿಗೆ ಒಳಗೆ ಸುಮತಿ ಕಾಯಿ ಅರೆಯಲು ಮಿಕ್ಸಿ ಹಾಕಿದಳು. ಮಿಕ್ಸಿ ಒಮ್ಮೆ ಗುರ್ ಎಂದು ಸುಮ್ಮನಾಯಿತು. ಗೊಂಚಲು ಆರಿತು. ಫ್ಯಾನು ನಿಧಾನವಾಗಿ ನಿಂತಿತು. "ಕರೆಂಟು ಹೋಯಿತು ಅಂತ ಕಾಣ್ತದೆ, ಈ ಕಡೆ ಹೀಗೇ," ಎಂದು ನಾನು ಗಂಭೀರವಾಗಿ ಹೇಳುವಾಗ ಎದುರು ಮನೆಯ ಟಿವಿಯಿಂದ ಯಕ್ಷಗಾನದ ಚೆಂಡೆ ಜೋರಾಗಿ ಕೇಳುತ್ತಿತ್ತು. ಎದ್ದು ಹೋಗಿ ಫ್ಯೂಸು ಕಟ್ಟಿದೆ. ಮನೆಗೆ ಮತ್ತೆ ಜೀವ ಬಂತು.

ಅಡುಗೆಮನೆಗೆ ಇಣುಕಿದರೆ ಅಲ್ಲಿ ಪದ್ಮಾವತಿಯಮ್ಮ, ಕೈಯಲ್ಲಿ ಪಾಯಸದ ಪಾತ್ರೆ.

"ಊಟದವರೆಗೆ ಇದನ್ನು ಫ್ರಿಜ್ಜಿನಲ್ಲಿ ಇಡುವ ಅಂತ ಬಂದೆ. ಇದೆಂತ ಅಣ್ಣ, ಫ್ರಿಜ್ಜಿಗೆ ಮಣೆ?"

ಸುಮತಿ ನನ್ನನ್ನು ನೋಡಿದಳು. ಚೈತ್ರಾ ನೆಲ ನೋಡಿದಳು. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು. "ಅದು ನಮ್ಮ ಮನೆಯ ಕ್ರಮ. ತಿನ್ನುವ ಪದಾರ್ಥ ಇಡುವ ಜಾಗ ಅಲ್ವಾ, ಮಣೆಯ ಮೇಲೆ ನಿಂತೇ ತೆಗೆಯುವುದು. ನನ್ನ ಅಜ್ಜಿಯ ಕಾಲದಿಂದ ಉಂಟು."

ಅಜ್ಜಿಯ ಕಾಲದಲ್ಲಿ ನಮ್ಮ ಮನೆಗೆ ಕರೆಂಟೇ ಬಂದಿರಲಿಲ್ಲ. ಆದರೂ ಪದ್ಮಾವತಿಯಮ್ಮನ ಮುಖ ಅರಳಿತು. "ಈಗಿನ ಕಾಲದಲ್ಲಿ ಇಷ್ಟು ಮಡಿ ಯಾರು ನೋಡ್ತಾರೆ? ನೋಡಿ ಖುಷಿ ಆಯಿತು. ಆದರೆ ನನಗೆ ಮೊಣಗಂಟು ನೋವು, ಮಣೆ ಹತ್ತಲಿಕ್ಕೆ ಆಗುವುದಿಲ್ಲ. ಈಗ ಮತ್ತೊಮ್ಮೆ ಕಾಲು ತೊಳೆದೇ ಬಂದಿದ್ದೇನೆ, ಸಾಕಲ್ಲ?"

ಎಂದವರೇ ಮಣೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಒದ್ದೆ ಕಾಲಲ್ಲಿ ನಿಂತು, ಹಿಡಿಗೆ ಕೈ ಚಾಚಿದರು.

"ಮುಟ್ಟಬೇಡಿ!" ಎಂದು ಕಿರುಚಿದೆ.

ಚಾಚಿದ ಕೈ ಅಲ್ಲೇ ನಿಂತಿತು. ಅರಳಿದ ಮುಖ ಮುಚ್ಚಿತು. "ಯಾಕೆ? ನಾವು ಮುಟ್ಟಬಾರದಾ?"

"ಹಾಗಲ್ಲ..."

"ಮತ್ತೆ ಹೇಗೆ?" ಅವರು ಚಾವಡಿಯ ಕಡೆ ತಿರುಗಿದರು. "ಹೋಗುವ ಮಾರಾಯ್ರೆ. ನಾವು ಮುಟ್ಟಿದರೆ ಇವರ ಮಡಿ ಹಾಳಾಗ್ತದಂತೆ."

ಚೈತ್ರಾಳ ಕಣ್ಣಲ್ಲಿ ನೀರು ತುಂಬಿತು. ದೊಡ್ಡವನೆನಿಸಿಕೊಳ್ಳಲು ಹೋಗಿ ಮಗಳ ಮದುವೆಗೇ ಕಲ್ಲು ಹಾಕಿದೆನಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು. ಇಂಥ ಹೊತ್ತಿನಲ್ಲಿ ಬುದ್ಧಿ ಇರುವವನು ಸತ್ಯ ಹೇಳುತ್ತಾನೆ. ನಾನು, "ಯಾರು ಬೇಕಾದರೂ ಮುಟ್ಟಬಹುದು, ಮಣೆಯೂ ಬೇಡ, ನೋಡಿ!" ಎನ್ನುತ್ತಾ ಮುನ್ನುಗ್ಗಿ ಅವರ ಒದ್ದೆ ಹೆಜ್ಜೆಯ ಮೇಲೆಯೇ ಬರಿಗಾಲಿಟ್ಟು ಫ್ರಿಜ್ಜಿನ ಹಿಡಿ ಹಿಡಿದೆ.

ಈ ಸಲ ಜುಂ ಅನ್ನಲಿಲ್ಲ. ಹಿಡಿದು ಒಗೆದಂತಾಯಿತು. ಹಿಂದಕ್ಕೆ ಹಾರಿದ ನನ್ನ ಕಾಲು ಮಣೆಯ ಮೇಲೆ ಬಿತ್ತು, ಮಣೆ ಜಾರಿತು, ನಾನು ನೆಲಕ್ಕೆ ಕುಳಿತೆ. ಫ್ಯೂಸು ಮತ್ತೆ ಹಾರಿ ಚಾವಡಿಯಲ್ಲಿ ಗೊಂಚಲೂ ಆರಿತು.

"ಅದು ಮಡಿ ಅಲ್ಲ ಆಂಟಿ, ಶಾಕ್," ಎಂದಳು ಚೈತ್ರಾ ಕಣ್ಣೊರೆಸಿಕೊಳ್ಳುತ್ತಾ. "ಅರ್ತಿಂಗ್ ಮಾಡಿಸುವ ದುಡ್ಡಲ್ಲಿ ಅಪ್ಪ ಗೊಂಚಲು ದೀಪ ತಂದರು."

ಪದ್ಮಾವತಿಯಮ್ಮ ಫ್ರಿಜ್ಜನ್ನು ನೋಡಿದರು, ಮಣೆಯನ್ನು ನೋಡಿದರು, ನೆಲದ ಮೇಲಿದ್ದ ನನ್ನನ್ನು ನೋಡಿದರು. ಪಾಯಸದ ಪಾತ್ರೆಯನ್ನು ಸುಮತಿಯ ಕೈಗಿತ್ತು, ಗೋಡೆಗೆ ಒರಗಿ ನಗತೊಡಗಿದರು. ನಗು ಹಿಡಿತಕ್ಕೆ ಬಂದ ಮೇಲೆ ಕೇಳಿದರು:

"ನನಗೆ ಶಾಕ್ ಹೊಡೀಬಾರದು ಅಂತ ಕಿರುಚಿದ್ದಾ? ಅದನ್ನೇ ಹೇಳಬಾರದಾ ಅಣ್ಣ?"

"ಹೇಳಿದರೆ ಮರ್ಯಾದೆ ಹೋಗ್ತದೆ ಅಂತ..."

"ಈಗ ಉಳಿಯಿತಾ?"

ಮಿಕ್ಸಿ ಇಲ್ಲದೆ ಸುಮತಿ ಅರೆಯುವ ಕಲ್ಲಿಗೆ ಶರಣಾದಳು. ಪದ್ಮಾವತಿಯಮ್ಮ ಪಕ್ಕದಲ್ಲಿ ನಿಂತು ಕಾಯಿ ತುರಿ ಹಾಕಿಕೊಟ್ಟರು. ನಾನು ಎಲ್ಲೂ ಏನನ್ನೂ ಮುಟ್ಟಬಾರದೆಂದು ಆಜ್ಞೆಯಾಗಿತ್ತು. ಜಗಲಿಯಲ್ಲಿ ಎಲೆ ಹಾಕಿ, ಹೊತ್ತು ಮುಳುಗುವ ಮೊದಲು ಊಟ ಮುಗಿಯಿತು. ಹೊರಡುವಾಗ ಅವರು ಹಾಕಿದ್ದು ಒಂದೇ ಷರತ್ತು.

"ಮದುವೆಗೆ ಮೊದಲು ವಯರಿಂಗ್ ಪೂರ್ತಿ ಮಾಡಿಸಿ. ನನಗೆ ಇರುವುದು ಒಬ್ಬನೇ ಮಗ."

ಲೋಕೇಶ ಮತ್ತೆ ಬಂದು ಎಲ್ಲವನ್ನೂ ಕಿತ್ತ. ಹೊಸ ಚಾವಡಿ ಬೋರ್ಡನ್ನೂ ಕಿತ್ತ. ಗೊಂಚಲು ದೀಪ ಅರ್ಧ ಬೆಲೆಗೆ ಅಂಗಡಿಗೆ ಹಿಂತಿರುಗಿತು. ಮದುವೆ ಚೆನ್ನಾಗಿ ನಡೆಯಿತು.

ಈಗ ಬೀಗಿತ್ತಿ ಆಗಾಗ ಬರುತ್ತಾರೆ. ಕಾಲು ತೊಳೆದು ಬಂದು, ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಹಳ ವಿನಯದಿಂದ ಕೇಳುತ್ತಾರೆ: "ಅಣ್ಣ, ಇವತ್ತು ಮುಟ್ಟಬಹುದಾ?"

"ಧಾರಾಳವಾಗಿ," ಎನ್ನುತ್ತೇನೆ.

"ಹಾಗಾದರೆ ಮೊದಲು ನೀವು ಮುಟ್ಟಿ."

ಹೊಸ ವಯರು, ಹೊಸ ಅರ್ತಿಂಗ್. ಲೋಕೇಶ ನನ್ನೆದುರೇ ಟೆಸ್ಟರ್ ಹಿಡಿದು ತೋರಿಸಿದ್ದಾನೆ. ಹೆದರುವ ಕಾರಣವೇ ಇಲ್ಲ. ಆದರೂ ನಾನು ಮೂಲೆಯಲ್ಲಿರುವ ಮಣೆಯನ್ನು ಎಳೆದುಕೊಂಡು, ಅದರ ಮೇಲೆ ಹತ್ತಿ ನಿಂತು, ಆಮೇಲೆ ಮುಟ್ಟುತ್ತೇನೆ.