ತೋಟಪ್ಪನವರ ಹೆಸರಿನ ಮೀನು

ಪುರಂದರಾಚಾರ್ರು ಹೊಸಪೇಟೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದರು, ಆದರೆ ಮೀನು ಮುಟ್ಟುತ್ತಿರಲಿಲ್ಲ. ಎಲ್ಲ ತಾಪತ್ರಯಕ್ಕೂ ಅದೇ ಮೂಲ. ಕಂಪ್ಲಿಯ ಬೆಸ್ತರ ಹೆಂಗಸು ಹೊಳೆಮ್ಮ ಹೊಳೆಯಲ್ಲಿ ಹಿಡಿದು ಬಾಟಲಿಗೆ ಹಾಕಿಕೊಟ್ಟ ಮೀನನ್ನು ಗಾಜಿನ ಹೊರಗಿನಿಂದಲೇ ಭೂತಗನ್ನಡಿ ಹಿಡಿದು ನೋಡಿ, ಹುರುಪೆ ಎಣಿಸಿ ಜಾತಿ ಹೇಳುವರು. ಕೊಯ್ದು ನೋಡುವುದೆ? ರಾಮ ರಾಮ!

ಊರಿಗೂರೇ ಸಂಡೂರಿನ ಅದಿರಿಗೆ ಲಾರಿ ಬಿಟ್ಟು ಬಂಗಲೆ ಕಟ್ಟುತ್ತಿದ್ದ ಕಾಲ. ಇವರು ಮಾತ್ರ ಒಂಬತ್ತು ವರ್ಷದಿಂದ ಹಂಗಾಮಿ. ಈಗ ನೋಡಿ ಅದೃಷ್ಟ, ಒಂದೇ ವಾರದಲ್ಲಿ ಎರಡು ಹೊಸ ಜಾತಿಯ ಮೀನು! ಕೆಂಪು ಪಟ್ಟಿಯ ತೆಳ್ಳನೆಯದಕ್ಕೆ ಹೆಂಡತಿ ಶ್ರೀಲಕ್ಷ್ಮೀಯ ಹೆಸರಿಟ್ಟರು, ಇಲ್ಲದಿದ್ದರೆ ಆಕೆ ಬಾಟಲಿಯನ್ನು ಹೊಸ್ತಿಲು ದಾಟಿಸುತ್ತಿರಲಿಲ್ಲ. ಮಂಕು ಬಣ್ಣದ ಡೊಳ್ಳು ಹೊಟ್ಟೆಯದಕ್ಕೆ ಪ್ರಿನ್ಸಿಪಾಲ್ ತೋಟಪ್ಪನವರ ಹೆಸರು. ನೌಕರಿ ಕಾಯಂ ಮಾಡುವ ಕಾಗದಕ್ಕೆ ಸಹಿ ಹಾಕಬೇಕಾದವರು ಅವರೇ. ತೋಟಪ್ಪನವರು ಉಬ್ಬಿಹೋಗಿ, ವೇದಿಕೆಯ ಮೇಲೇ ಸಹಿ ಹಾಕುತ್ತೇನೆಂದು ಸಮಾರಂಭ ಇಟ್ಟರು. ಮೀನು ಹಿಡಿದಾಕೆಗೂ ಒಂದು ಶಾಲು ಹೊದಿಸೋಣ ಎಂದರು.

ಲಾರಿಗಳ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡು, ಹೊಳೆಮ್ಮ ಮೈಯೆಲ್ಲ ಕೆಂಧೂಳಾಗಿ ಬಂದಾಗ ಆಚಾರ್ರು ವೇದಿಕೆಯ ಮೇಲೆ ಮೀನುಗಳ ವಂಶವೃಕ್ಷ ತೋರಿಸುತ್ತಿದ್ದರು. ಈ ಎರಡು ಜಾತಿ ಹತ್ತು ಲಕ್ಷ ವರ್ಷದ ಹಿಂದೆಯೇ ಬೇರೆಯಾಗಿವೆ ಎಂದರು.

ಹೊಳೆಮ್ಮ ಬಾಟಲಿಗಳನ್ನು ನೋಡಿದಳು. "ಹೋದ ತಿಂಗಳು ಒಂದ ಬಲ್ಯಾಗ ಕೂಡೇ ಇದ್ವಲ್ರಿ ಸರ. ಇವು ಎರಡು ಜಾತಿ ಅಲ್ರಿ, ಗಂಡ ಹೆಂಡ್ತಿ."

ಹುಡುಗರ ಕಡೆಯಿಂದ ಶುರುವಾದ ನಗು ಹಿಂದೆ ಊಟ ಬಡಿಸಲು ನಿಂತಿದ್ದ ಅಡುಗೆಯವರ ತನಕ ಹೋಯಿತು. ಶ್ರೀಲಕ್ಷ್ಮೀ ಸೆರಗಿನಿಂದ ಮುಖ ಮುಚ್ಚಿಕೊಂಡಳು. ತೋಟಪ್ಪನವರು ಕೆಮ್ಮಿ, ಒಂದೇ ಜಾತಿ ಅಂದಮೇಲೆ ಒಂದೇ ಹೆಸರು ತಾನೆ, ಯಾರದು ಉಳೀತದೆ ಎಂದು ಕೇಳಿದರು.

ಆಚಾರ್ರು ಹೆಂಡತಿಯ ಕಡೆ ನೋಡಿದರು, ಕಾಗದದ ಕಡೆ ನೋಡಿದರು.

"ನಿಮ್ಮದೇ ಸರ್," ಎಂದರು. "ಆಕೀದು ತೆಗೆದುಬಿಡ್ತೀನ್ರಿ."

ಶ್ರೀಲಕ್ಷ್ಮೀ ಎದ್ದಳು. ಮನೆಯ ಕೀಲಿಕೈ ತೆಗೆದುಕೊಂಡು, ನೆಟ್ಟಗೆ ತವರುಮನೆಯ ಬಸ್ಸಿಗೆ ಹೋದಳು. ಹೋಗಲಿ, ನೌಕರಿಯಾದರೂ ಕಾಯಂ ಆಯಿತಲ್ಲ ಎಂದು ಆಚಾರ್ರು ಬೆವರು ಒರೆಸಿಕೊಂಡರು. ತೋಟಪ್ಪನವರು ನಗುತ್ತ ಪೆನ್ನು ಬಿಚ್ಚಿದರು.

ಹೊಳೆಮ್ಮ ಪ್ರಿನ್ಸಿಪಾಲರ ಹೆಸರಿನ ಬಾಟಲಿ ಎತ್ತಿ ಬೆಳಕಿಗೆ ಹಿಡಿದಳು.

"ಛಲೋ ಮಾಡಿದ್ರಿ ಸರ, ಇದರ ಹೆಸರು ತೆಗೀಲಿಲ್ಲ. ಪಾಪ, ಇದು ಬಸುರಿ ಹೆಂಗಸು. ಹೊಟ್ಟಿ ತುಂಬ ತತ್ತಿ ಐತ್ರಿ."

ತೋಟಪ್ಪನವರು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು.