ಕಪ್ಪು ಸಮುದ್ರದ ದಡದಲ್ಲಿ ಗುದ್ದಲಿ ಪೂಜೆ

"ಸಂಕ್ರಾಂತಿಯೊಳಗೆ ಫಾರಿನ್ನಲ್ಲಿ ಒಂದು ಮನೆ ಮಾಡ್ಲಿಲ್ಲ ಅಂದ್ರೆ ನನ್ನ ಹೆಸರು ಮುನಿಆಂಜನಪ್ಪನೇ ಅಲ್ಲ!"

ದೇವಸಂದ್ರದ ಮನೆಯ ಜಗುಲಿಯ ಮೇಲೆ ಕಾಫಿ ಲೋಟವನ್ನು ಟಪ್ಪನೆ ಕುಕ್ಕಿ ಮುನಿಆಂಜನಪ್ಪ ಈ ಭೀಷಣ ಪ್ರತಿಜ್ಞೆ ಮಾಡಿದಾಗ ಕೇಳಿಸಿಕೊಂಡದ್ದು ಎರಡೇ ಜೀವ. ಒಂದು, ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿ ರಾಮಲಕ್ಷ್ಮಮ್ಮ. ಇನ್ನೊಂದು, ಬೀದಿ ನಾಯಿ. ನಾಯಿ ಎದ್ದು ಹೋಯಿತು.

"ಇರೋ ಮನೆಗೆ ಸುಣ್ಣ ಕಾಣಿಸಿ ಎಷ್ಟು ವರ್ಷ ಆಯ್ತು ಅಂತ ಮೊದ್ಲು ಹೇಳಿ," ಅಂದಳು ರಾಮಲಕ್ಷ್ಮಮ್ಮ, ತಲೆ ಎತ್ತದೆ.

ಎಲ್ಲದಕ್ಕೂ ಕಾರಣ ಷಡ್ಡಕ ಶ್ರೀನಿವಾಸ್. ರಾಮಲಕ್ಷ್ಮಮ್ಮನ ತಂಗಿಯ ಗಂಡ, ದೊಮ್ಮಲೂರಿನವನು. ದುಬೈಯಲ್ಲಿ ಒಂದು ಫ್ಲ್ಯಾಟ್ ಕೊಂಡಮೇಲೆ ಅವನು ಮನುಷ್ಯನಾಗಿ ಉಳಿದಿರಲಿಲ್ಲ, ಬಾಲ್ಕನಿಯಾಗಿಬಿಟ್ಟಿದ್ದ! ನಾಮಕರಣವಿರಲಿ, ತಿಥಿಯಿರಲಿ, ಎಲೆಯ ಮುಂದೆ ಕೂತರೆ ಪಾಯಸ ಬರುವುದರೊಳಗೆ ಫೋನು ತೆಗೆದು ತನ್ನ ಬಾಲ್ಕನಿ ತೋರಿಸುತ್ತಿದ್ದ. ಮೊನ್ನೆಯಂತೂ ಹದಿನಾರು ಜನರ ಪಂಕ್ತಿಯಲ್ಲಿ, "ದುಬೈಯೂ ಹಳೇದಾಯ್ತು ಅಣ್ಣ. ಈಗೆಲ್ಲ ಎಮರ್ಜಿಂಗ್ ಮಾರ್ಕೆಟ್ಟು, ಅಂದ್ರೆ ಈಗ್ತಾನೇ ಏಳ್ತಿರೋ ದೇಶಗಳು. ಅದೆಲ್ಲ ನಿಮಗಾಗಲ್ಲ ಬಿಡಿ. ನಿಮ್ದೇನಿದ್ರೂ ಕೆ.ಆರ್.ಪುರಂ ಸಂತೆವರೆಗೆ," ಅಂದುಬಿಟ್ಟ. ಪಂಕ್ತಿ ನಕ್ಕಿತು. ಮುನಿಆಂಜನಪ್ಪನ ಬಾಯಲ್ಲಿದ್ದ ಹೋಳಿಗೆ ಕಲ್ಲಾಯಿತು.

ಸಂತೆಯವರೆಗಂತೆ! ಒಂದು ಕಾಲಕ್ಕೆ ಕೆರೆ ಕೋಡಿಯಿಂದ ರೈಲು ಹಳಿಯವರೆಗೆ ಅವನಪ್ಪನ ರಾಗಿ ಹೊಲ ಹಬ್ಬಿತ್ತು. ಅರ್ಧ ರಸ್ತೆಗೆ ಹೋಯಿತು, ಕಾಲು ಕಂಪನಿಯವರಿಗೆ, ಉಳಿದದ್ದಕ್ಕೆ ಮೆಟ್ರೊ ಕಂಬ ಬಂತು. ಈಗ ಇರುವುದು ಮನೆ, ಅದರ ಪಕ್ಕ ಬಾಡಿಗೆಗೆ ಕಟ್ಟಿದ ಸಾಲು ರೂಮುಗಳು, ಹಿಂದೆ ಒಂದು ಸೈಟಿನಷ್ಟು ಹಿತ್ತಿಲು. ಆ ಹಿತ್ತಿಲು ಪತ್ರದಲ್ಲಿ ಯಾರ ಹೆಸರಲ್ಲಿದ್ದರೂ ನಿಜಕ್ಕೂ ರಾಮಲಕ್ಷ್ಮಮ್ಮನದು. ಪ್ರತಿ ವರ್ಷ ಅವಳು ಅಲ್ಲಿ ಅವರೆ ಹಾಕುತ್ತಾಳೆ. ಇಬ್ಬನಿ ಬಿದ್ದ ಬೆಳಿಗ್ಗೆ ಸೊಗಡಿನ ಘಮ ಎದ್ದು ಬಂದರೆ, ಸುತ್ತಲಿನ ಅಪಾರ್ಟ್‌ಮೆಂಟುಗಳೆಲ್ಲ ಒಂದು ಗಳಿಗೆ ಮಾಯವಾಗಿ ಹಳೆಯ ಹೊಲವೇ ಎದುರಿಗೆ ನಿಂತ ಹಾಗಾಗುತ್ತದೆ.

ಮುನಿಆಂಜನಪ್ಪ ಮರುದಿನವೇ ಇಂದಿರಾನಗರದ ಒಬ್ಬ ಏಜೆಂಟಿನ ಗಾಜಿನ ಆಫೀಸಿನಲ್ಲಿ ಕೂತಿದ್ದ. ಮೇಜಿನ ಮೇಲೆ ಹುಟ್ಟುಹಬ್ಬದ ಕೇಕಿನ ಹಾಗೆ ಒಂದು ಪುಟ್ಟ ಕಟ್ಟಡ, ಒಳಗೆ ಮಿಣಿಮಿಣಿ ದೀಪ.

"ಜಾರ್ಜಿಯಾ ದೇಶ ಸರ್. ಬಟೂಮಿ ಅಂತ ಊರು. ಇಪ್ಪತ್ತೆರಡನೇ ಮಹಡಿ. ಮುಂದೆ ಕಪ್ಪು ಸಮುದ್ರ!"

"ಅದಿರ್ಲಿ. ಚಕ್ಕುಬಂದಿ ಹೇಳಿ."

"ಏನು ಸರ್?"

"ನಾಲ್ಕು ದಿಕ್ಕಿಗೂ ಯಾರ್ಯಾರ ಜಮೀನಿದೆ? ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು?"

"ಪಶ್ಚಿಮಕ್ಕೆ ಸಮುದ್ರಾನೇ ಸರ್."

"ಅದು ಯಾರ ಹೆಸರಲ್ಲಿದೆ?"

"ಸಮುದ್ರ ಸರ್ಕಾರದ್ದೇ ಅಲ್ವಾ ಸರ್..."

"ಹಂಗಾದ್ರೆ ನಾಳೆ ಒತ್ತುವರಿ ಅಂತ ಜೆಸಿಬಿ ತರಲ್ಲ ಅಂತ ಏನ್ ಗ್ಯಾರಂಟಿ? ಕೆರೆ ದಡದಲ್ಲಿ ಹುಟ್ಟಿದವನು ನಾನು!"

ಏಜೆಂಟು ನೀರು ಕುಡಿದ. ಆದರೂ ಅವನೇನೂ ಕಡಿಮೆ ಆಸಾಮಿಯಲ್ಲ. ದುಡ್ಡಿಗೆ ಯೋಚನೆ ಬೇಡ, ಮನೆ ಹಿಂದಿನ ಹಿತ್ತಿಲು ಮಾರಿದರೆ ಅಲ್ಲಿಗೆ ಸರಿಹೋಗುತ್ತದೆ, ಕೊಳ್ಳುವ ಪಾರ್ಟಿಯೂ ತನ್ನ ಕೈಯಲ್ಲೇ ಇದೆ ಎಂದು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹೇಳಿ ಮುಗಿಸಿದ.

ಆ ಸಂಜೆ ವಿಷಯ ಕೇಳಿ ರಾಮಲಕ್ಷ್ಮಮ್ಮ ಜಗಳವಾಡಲಿಲ್ಲ. ಜಗಳವಾಡಿದ್ದರೆ ಮುನಿಆಂಜನಪ್ಪನಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವಳು ಹಿತ್ತಿಲ ಬಾಗಿಲಲ್ಲಿ ನಿಂತು, "ಹಂಗಾದ್ರೆ ಈ ಸಲ ಬಿತ್ತಿದ್ದೇ ಕೊನೇದಾ?" ಎಂದಷ್ಟೇ ಕೇಳಿದಳು.

ಅವನು ಕೆಮ್ಮಿದ. ಕೆಮ್ಮು ಇರಲಿಲ್ಲ.

ಇನ್ನು ಒಂದೇ ತೊಡಕು ಉಳಿದಿತ್ತು. ಅದನ್ನು ಹಾಕಿದವನೂ ಮುನಿಆಂಜನಪ್ಪನೇ. "ನೆಲ ನೋಡಿ ಗುದ್ದಲಿ ಪೂಜೆ ಮಾಡದೆ ಅಡ್ವಾನ್ಸ್ ಕೊಟ್ಟವರು ನಮ್ಮ ವಂಶದಲ್ಲೇ ಇಲ್ಲ!"

"ಸರ್, ಫ್ಲ್ಯಾಟು ಇಪ್ಪತ್ತೆರಡನೇ ಮಹಡೀಲಿ ಬರೋದು. ಈಗ ಅಲ್ಲಿ ಗಾಳಿ ಬಿಟ್ಟು ಏನಿಲ್ಲ. ಗುದ್ದಲಿ ಎಲ್ಲಿ ಹಾಕೋದು?"

"ಗಾಳಿ ಕೆಳಗೆ ನೆಲ ಇಲ್ವೇನ್ರೀ?"

ಕೊನೆಗೆ ಏಜೆಂಟು ಸೋತ. ಹೇಗೂ ತಾನು ಆ ವಾರ ಬಟೂಮಿಗೆ ಹೋಗುವವನಿದ್ದೇನೆ, ಜಾಗದಿಂದಲೇ ಫೋನಿನಲ್ಲಿ ಲೈವ್ ತೋರಿಸುತ್ತೇನೆ, ಇಲ್ಲಿ ಮಂತ್ರ ಹೇಳಿದ ಹಾಗೆ ಅಲ್ಲಿ ಗುದ್ದಲಿ ಹಾಕುತ್ತೇನೆ, ಪೂಜೆಯಾದ ತಕ್ಷಣ ಹಿತ್ತಿಲಿನ ಕರಾರಿಗೆ ಸಹಿಯಾಗಬೇಕು ಎಂದು ಒಪ್ಪಿಕೊಂಡ. ಪಾರ್ಟಿಗೆ ತೋರಿಸಬೇಕೆಂದು ಒಂದು ಬೆಳಿಗ್ಗೆ ಬಂದು ಹಿತ್ತಿಲಿನ ಫೋಟೊವನ್ನೂ ತೆಗೆದುಕೊಂಡು ಹೋದ. ಶಿವಾಜಿನಗರದ ಮಾರುಕಟ್ಟೆಯಲ್ಲಿ ಆರಿಸಿ ತಂದ ಎರಡು ತೆಂಗಿನಕಾಯಿ ಅವನ ಸೂಟ್‌ಕೇಸಿನಲ್ಲಿ ವಿಮಾನ ಹತ್ತಿದವು.

ಪೂಜೆಯ ದಿನ ಮನೆಯ ಹಾಲ್ ಮದುವೆ ಮನೆಯಾಯಿತು. ಬಾಗಿಲಿಗೆ ತೋರಣ, ಟಿವಿಗೆ ಹೂವಿನ ಹಾರ. ರೂಮುಗಳ ಬಾಡಿಗೆದಾರರೆಲ್ಲ ಬಂದಿದ್ದರು. ರಾಯಚೂರು ಕಡೆಯ ಹಂಪಣ್ಣ ಗಾರೆ ಕೆಲಸಕ್ಕೆ ರಜೆ ಹಾಕಿದ್ದ. ಅವನ ಹೆಂಡತಿ ಶೇಷಮ್ಮ ಎಲ್ಲರಿಗಿಂತ ಮುಂದೆ ಜಾಗ ಹಿಡಿದಿದ್ದಳು. ಷಡ್ಡಕನಿಗೆ ನಟ್ಟನಡುವೆ ಕುರ್ಚಿ. ಉರಿಯುವವರು ಚೆನ್ನಾಗಿ ಕಾಣುವಲ್ಲಿ ಕೂರಬೇಕಲ್ಲ! ಮಗಳು ಭವ್ಯ ಫೋನನ್ನು ಟಿವಿಗೆ ಜೋಡಿಸಿದಳು. ಒಳಗೆ ರಾಮಲಕ್ಷ್ಮಮ್ಮ ಹಿತ್ತಿಲ ಅವರೆಕಾಯಿಯನ್ನೆಲ್ಲ ಬಿಡಿಸಿ ತಂದು ಉಪ್ಪಿಟ್ಟು ತಿರುವುತ್ತಿದ್ದಳು. ಕಣ್ಣು ಕೆಂಪಗಿತ್ತು. ಹೊಗೆ ಅನ್ನೋಣವೆಂದರೆ ಗ್ಯಾಸ್ ಒಲೆ.

ಟಿವಿಯಲ್ಲಿ ಬಟೂಮಿ ಮೂಡಿತು. ಮಂಜು ಮುಸುಕಿದ ಬೆಟ್ಟ, ದೂರದಲ್ಲಿ ಸೀಸದ ಬಣ್ಣದ ಸಮುದ್ರ, ಹತ್ತಿರದಲ್ಲಿ ಕಿತ್ತಳೆ ಗಿಡಗಳು. ಕೋಟು ತೊಟ್ಟು ನಡುಗುತ್ತಿದ್ದ ಏಜೆಂಟು ಕೈಬೀಸಿದ.

ಅರ್ಚಕರು ಸಂಕಲ್ಪ ಶುರುಮಾಡಿದವರು "ಜಂಬೂದ್ವೀಪೇ ಭರತವರ್ಷೇ" ಎನ್ನುವಲ್ಲಿ ಗಕ್ಕನೆ ನಿಂತರು. "ಯಜಮಾನರೇ, ಜಾರ್ಜಿಯಾ ಯಾವ ವರ್ಷಕ್ಕೆ ಬರುತ್ತೆ?"

"ಈ ವರ್ಷಕ್ಕೇ ಬರ್ಬೇಕು ಸ್ವಾಮಿ, ಸಂಕ್ರಾಂತಿ ಒಳಗೆ!"

ಅರ್ಚಕರು ಕಣ್ಣುಮುಚ್ಚಿ ಒಂದು ಕ್ಷಣ ಯೋಚಿಸಿ, "ಕೃಷ್ಣಸಮುದ್ರ ತೀರೇ" ಎಂದು ಸಮುದ್ರವನ್ನೇ ಹಿಂದೂ ಮಾಡಿ ಮುಂದೆ ಸಾಗಿದರು.

ಅಲ್ಲಿ ಕಾಯಿ ಒಡೆಯಿತು. ಏಜೆಂಟು ಅಲ್ಲೇ ಬೇಲಿಗೆ ಒರಗಿಸಿದ್ದ ಒಂದು ಗುದ್ದಲಿ ತೆಗೆದುಕೊಂಡ. ಆಗ ಮುನಿಆಂಜನಪ್ಪನ ಕಣ್ಣು ಬೇಲಿಯ ಮೇಲಿನ ಹಲಗೆಗೆ ಬಿತ್ತು. ಕೆಂಪು ಬಣ್ಣದಲ್ಲಿ ದಪ್ಪ ದಪ್ಪ ದುಂಡಕ್ಷರ. ನಮ್ಮ ಕನ್ನಡವೇ ಚಳಿಗೆ ಮುದುಡಿಕೊಂಡ ಹಾಗಿತ್ತು.

"ಅದೇನ್ರೀ ಬರೆದಿರೋದು?"

"ಸುಸ್ವಾಗತ ಅಂತ ಸರ್!"

ಮುನಿಆಂಜನಪ್ಪ ಎದ್ದು ಟಿವಿಯ ಹತ್ತಿರಕ್ಕೆ ಬಗ್ಗಿ ನೋಡಿದ. ಸುಸ್ವಾಗತವನ್ನು ಯಾರೂ ಅಷ್ಟು ಸಿಟ್ಟಿನಿಂದ ಬರೆಯುವುದಿಲ್ಲ. ಬರೆದರೂ ಕೆಳಗೆ ಫೋನ್ ನಂಬರ್ ಹಾಕುವುದಿಲ್ಲ! ಬೇಲಿ ಹಾರಿ ಬರುವ ದಲ್ಲಾಳಿಗಳ ಕಾಟಕ್ಕೆ ಇಂಥ ಹಲಗೆಗಳನ್ನು ಅವನು ತನ್ನ ಹೊಲಗಳ ಮೇಲೆ ಎಷ್ಟು ನೆಟ್ಟಿದ್ದನೋ. ಭಾಷೆ ಯಾವುದಾದರೇನು, ಆ ಕೆಂಪು ಅವನದೇ ಕೆಂಪು. 'ಈ ಜಾಗ ಮಾರಾಟಕ್ಕಿಲ್ಲ.'

"ನಿಲ್ಸ್ರೀ!" ಎಂದು ಅವನು ಕೂಗುವುದಕ್ಕೂ ಗುದ್ದಲಿ ನೆಲಕ್ಕೆ ಬೀಳುವುದಕ್ಕೂ ಸರಿಹೋಯಿತು. ಟಿವಿಯ ಎಡಗಡೆಯಿಂದ, ತಲೆಗೆ ಕಪ್ಪು ವಸ್ತ್ರ ಕಟ್ಟಿದ್ದ ಒಬ್ಬ ಅಜ್ಜಿ ಪೊರಕೆ ಹಿಡಿದು ನುಗ್ಗಿ ಬಂದಳು! ಗುದ್ದಲಿ ಅವಳದು. ನೆಲ ಅವಳದು. ಏಜೆಂಟಿನ ಬೆನ್ನ ಮೇಲೆ ಬಿದ್ದ ಪೊರಕೆಯೂ ಅವಳದೇ! ಅವನು ಹಾರಿದ, ಜಾರಿದ, ಫೋನು ಕೈಬಿಟ್ಟ. ಆಕಾಶ, ಕಿತ್ತಳೆ, ಬೂಟು ಎಲ್ಲ ಗಿರ್ರನೆ ತಿರುಗಿ, ಕೊನೆಗೆ ಟಿವಿಯ ತುಂಬ ಒಂದು ಕೋಳಿಯ ಮುಖ ಬಂದು ನಿಂತಿತು. ಕೋಳಿ ಎಲ್ಲರನ್ನೂ ಒಮ್ಮೆ ನೋಡಿ ಟಕ್ಕನೆ ಕುಕ್ಕಿತು.

"ಅಣ್ಣ," ಎಂದ ಶ್ರೀನಿವಾಸ್ ನಿಧಾನವಾಗಿ, "ಇದೇನಾ ಸೀ ವ್ಯೂ?"

ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಅರ್ಚಕರು ಮಂಗಳಾರತಿ ಎತ್ತಬೇಕೋ ಬೇಡವೋ ತಿಳಿಯದೆ ತಟ್ಟೆ ಹಿಡಿದು ನಿಂತರು.

ಅಷ್ಟರಲ್ಲಿ ಅಜ್ಜಿ ಫೋನೆತ್ತಿಕೊಂಡು ದೇವಸಂದ್ರದ ಸಮಸ್ತರಿಗೂ ಒಂದೇ ಸಮನೆ ಮಂಗಳಾರತಿ ಮಾಡತೊಡಗಿದಳು.

"ಯವ್ವಾ, ಏನ್ ಬೈಲಿಕ್ಕತ್ಯಾಳ ನೋಡ್ರಿ!" ಅಂದಳು ಶೇಷಮ್ಮ ಮೆಚ್ಚುಗೆಯಿಂದ. "ನಮ್ಮತ್ತಿನೂ ಹಿಂಗ ಬೈತಿದ್ಲು."

ಗಲಾಟೆ ಕೇಳಿ ರಾಮಲಕ್ಷ್ಮಮ್ಮ ಸೌಟು ಹಿಡಿದೇ ಹೊರಗೆ ಬಂದಳು. ಟಿವಿಯ ಮುಂದೆ ನಿಂತು ಅಜ್ಜಿಯ ಮುಖ ನೋಡಿದಳು. ಅಜ್ಜಿ ಒಂದು ಕಾಲಿನಿಂದ ನೆಲ ತಟ್ಟಿ, ಆಮೇಲೆ ಎದೆ ತಟ್ಟಿಕೊಂಡು ಏನೋ ಹೇಳಿದಳು. ಹೇಳುತ್ತಾ ದನಿ ಒಡೆಯಿತು.

"ಆಯಮ್ಮ ಜಾಗ ಕೊಟ್ಟಿಲ್ಲ ರೀ," ಅಂದಳು ರಾಮಲಕ್ಷ್ಮಮ್ಮ. "ಕೊಡೋದೂ ಇಲ್ಲ."

"ನಿನಗೆ ಆ ಭಾಷೆ ಬರುತ್ತಾ?"

"ನೀವು ಹೊಲ ಕೊಡೋಕೆ ಪಹಣಿ ಪತ್ರ ಹಿಡ್ಕೊಂಡು ಹೋದಾಗೆಲ್ಲ ನಾನೂ ಹಿಂಗೇ ನಿಂತಿದ್ದೆ. ಆಗ ನಿಮಗೆ ಕನ್ನಡಾನೇ ಬರ್ತಿರ್ಲಿಲ್ಲ."

ರಾಮಲಕ್ಷ್ಮಮ್ಮ ಒಳಗೆ ಹೋಗಿ, ಸುಲಿಯದೆ ಉಳಿದಿದ್ದ ಒಂದು ಹಿಡಿ ಅವರೆಕಾಯಿ ತಂದು ಫೋನಿನ ಮುಂದೆ ಹಿಡಿದಳು. ಅಜ್ಜಿ ಬೈಗುಳ ನಿಲ್ಲಿಸಿ, ಕಣ್ಣು ಕಿರಿದು ಮಾಡಿ ನೋಡಿದಳು. ಪಕ್ಕದ ಗಿಡದಿಂದ ಒಂದು ಕಿತ್ತಳೆ ಕಿತ್ತು ಅವಳೂ ಎತ್ತಿ ತೋರಿಸಿದಳು. "ಎತೇರಿ," ಎಂದು ಎದೆ ಮುಟ್ಟಿಕೊಂಡಳು. "ರಾಮಲಕ್ಷ್ಮಿ," ಅಂದಳು ಇವಳು.

ಅಂದು ಗುದ್ದಲಿ ಪೂಜೆ ಅಪೂರ್ಣವಾಯಿತು. ಹಿತ್ತಿಲಿನ ಕರಾರು ಸಹಿಯಿಲ್ಲದೆ ಉಳಿಯಿತು. ಏಜೆಂಟಿನ ಫೋನು ಆ ಹೊತ್ತಿನಿಂದ ಸ್ವಿಚ್ ಆಫ್. ಪೂಜೆ ಮುಗಿಯದೆ ಅಡ್ವಾನ್ಸ್ ಕೊಡದ ವಂಶದಲ್ಲಿ ಹುಟ್ಟಿದ್ದಕ್ಕೆ ಮುನಿಆಂಜನಪ್ಪ ಹಿರಿಯರ ಪಟಗಳಿಗೆಲ್ಲ ಹೂವು ಮುಡಿಸಿದ. ಅವರೆಕಾಳು ಉಪ್ಪಿಟ್ಟನ್ನು ಶ್ರೀನಿವಾಸ್ ಮೂರು ಸಲ ಹಾಕಿಸಿಕೊಂಡು ತಿಂದ. ನಾಲ್ಕನೆಯದನ್ನು ಡಬ್ಬಿಯಲ್ಲಿ ಒಯ್ದ.

ಎತೇರಿಯ ನಂಬರು ಹಲಗೆಯ ಮೇಲೆ ಇತ್ತಲ್ಲ, ಭವ್ಯ ಬರೆದಿಟ್ಟುಕೊಂಡಿದ್ದಳು. ಈಗ ಭಾನುವಾರಗಳಂದು ರಾಮಲಕ್ಷ್ಮಮ್ಮ ಹಿತ್ತಿಲಲ್ಲಿ ಕೂತು ಬಟೂಮಿಗೆ ಮಾತಾಡುತ್ತಾಳೆ. ಭವ್ಯಳ ಫೋನು ಆ ಭಾಷೆಯನ್ನು ಈ ಭಾಷೆ ಮಾಡಿ, ಪತ್ರ ಓದಿದ ಹಾಗೆ ಗಂಭೀರವಾಗಿ ಹೇಳುತ್ತದೆ. ಕೋಳಿಗೆ ಬಂದ ರೋಗ, ಸೊಸೆಗೆ ಬಂದ ಸೊಕ್ಕು, ಎಲ್ಲವೂ ಆ ಗಂಭೀರ ದನಿಯಲ್ಲೇ.

ಕಳೆದ ವಾರ ಎತೇರಿ ಒಂದು ಬಣ್ಣದ ಕಾಗದ ಹಿಡಿದು ತೋರಿಸಿದಳು. ಫೋನು ಹೇಳಿತು: "ಆ ಕಳ್ಳ ನನಗೆ ಇದನ್ನು ಕೊಟ್ಟಿದ್ದ. ನಿನ್ನ ತೋಟ ಬಿಟ್ಟುಕೊಡು, ಬದಲಿಗೆ ಬೆಂಗಳೂರು ಎಂಬ ಈಗ ತಾನೇ ಏಳುತ್ತಿರುವ ಊರಿನಲ್ಲಿ ಇಂಥ ಮನೆ ಕೊಡಿಸುತ್ತೇನೆ ಎಂದಿದ್ದ."

ಪಕ್ಕದಲ್ಲಿ ಕೂತು ಹಲ್ಲು ಚುಚ್ಚಿಕೊಳ್ಳುತ್ತಿದ್ದ ಮುನಿಆಂಜನಪ್ಪ ಬಗ್ಗಿ ನೋಡಿದ. ಮುಗಿಲು ಮುಟ್ಟುವ ಕಟ್ಟಡ. ಈಜುಕೊಳ. ಈಚಲು ಮರಗಳು. ಕೊಳದ ಅಂಚಿನಲ್ಲಿ, ಅಳಿಸುವುದು ಮರೆತುಹೋಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಅವರೆಕಾಯಿ ಬಿಡಿಸುತ್ತಿರುವ ಒಬ್ಬ ಹೆಂಗಸು!

"ಅಮ್ಮಾ, ಇದು ನೀನು!" ಎಂದು ಭವ್ಯ ಕಿರುಚಿದಳು. "ನಮ್ಮ ಹಿತ್ತಿಲು!"

ಏಜೆಂಟು ಒಂದು ಬೆಳಿಗ್ಗೆ ಬಂದು ಫೋಟೊ ತೆಗೆದುಕೊಂಡು ಹೋದದ್ದು ಆಗ ಎಲ್ಲರಿಗೂ ಹೊಳೆಯಿತು. ಅವಳ ಹಿತ್ತಿಲನ್ನು ಇವರಿಗೆ, ಇವರ ಹಿತ್ತಿಲನ್ನು ಅವಳಿಗೆ ಮಾರಹೊರಟಿದ್ದ ಪುಣ್ಯಾತ್ಮ!

ಇಲ್ಲಿ ಅಂಥ ಕಟ್ಟಡವೇ ಇಲ್ಲ, ಇರುವುದು ಹಿತ್ತಿಲಷ್ಟೇ ಎಂದು ಭವ್ಯ ಹೇಳಿದ ಮೇಲೆ, ಎತೇರಿ ಚಿತ್ರದ ಗೇಟಿನ ಮೇಲೆ ಬೆರಳಿಟ್ಟು ಮತ್ತೇನೋ ಕೇಳಿದಳು. ಅಲ್ಲಿ ತಲೆಗೆ ಟವೆಲ್ ಸುತ್ತಿ, ಕೈಯಲ್ಲಿ ಕೋಲು ಹಿಡಿದು, ಎದೆ ಸೆಟೆಸಿ ಒಬ್ಬ ಗಂಡಸು ನಿಂತಿದ್ದ. ಪಾಳೆಯಗಾರನ ಗತ್ತು. ಮುನಿಆಂಜನಪ್ಪನಿಗೆ ಗುರುತು ಹತ್ತಿ ಮುಖ ಅರಳುವಷ್ಟರಲ್ಲಿ ಫೋನು ಗಂಭೀರವಾಗಿ ಹೇಳಿತು:

"ಕಟ್ಟಡವೇ ಇಲ್ಲವೆಂದ ಮೇಲೆ ಈ ಬಡ ಕಾವಲುಗಾರನ ಗತಿ ಏನಾಯಿತು? ಪಾಪ, ಅವನಿಗೆ ಬೇರೆ ಕೆಲಸ ಸಿಕ್ಕಿತೇ?"

ರಾಮಲಕ್ಷ್ಮಮ್ಮ ಗಂಡನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಅವನ ಯೋಚನೆ ಬೇಡ ಅಂತ ಹೇಳು ಭವ್ಯಾ. ಕೆಲಸಕ್ಕೆ ನಾನೇ ಇಟ್ಕೊಂಡಿದ್ದೀನಿ. ಎರಡು ಹೊತ್ತು ಊಟ ಹಾಕಿದ್ರೆ ಸಾಕು, ಸಂಬಳ ಕೇಳಲ್ಲ."

ಅದೇ ಹೊತ್ತಿಗೆ ಯಾರದೋ ಹಸು ಬೇಲಿ ಸರಿಸಿಕೊಂಡು ಅವರೆ ಸಾಲಿಗೆ ಬಾಯಿ ಹಾಕಿತು. ಮುನಿಆಂಜನಪ್ಪ ಟವೆಲ್ ತಲೆಗೆ ಸುತ್ತಿ, ಕೋಲು ಎತ್ತಿಕೊಂಡು ಡ್ಯೂಟಿಗೆ ಹೊರಟ.